ಬೆಣ್ಣೆಯ ಮನೆಗೆ ಗಾಜಿನ ಬಾಗಿಲು

ಕೆಲವರ ಮನೆಯಲ್ಲಿ ಬಾಗಿಲು ಕೂರಿಸುವುದು ಎಂದರೆ ಬಾಗಿಲು ಕೂರಿಸುವುದಷ್ಟೇ. ನಮ್ಮ ಮನೆಯಲ್ಲಿ ಹಾಗಾಗುವುದಿಲ್ಲ. ಒಂದು ಮೊಳೆ ಹೊಡೆಯೋಣ ಎಂದು ಸುತ್ತಿಗೆ ಎತ್ತಿಕೊಂಡರೂ ಸಂಜೆಯ ಹೊತ್ತಿಗೆ ಅದು ಬೀದಿಯವರೆಲ್ಲ ಹೇಳಿಕೊಂಡು ನಗುವ ಕಥೆಯಾಗಿರುತ್ತದೆ. ಯಾಕೆ ಹೀಗೆ ಅಂತ ನಾನು ಬಹಳ ಯೋಚಿಸಿದ್ದೇನೆ, ಉತ್ತರ ಸಿಕ್ಕಿಲ್ಲ. ಹೆಂಡತಿಗೆ ಸಿಕ್ಕಿದೆಯಂತೆ. ಆದರೆ ಅದನ್ನು ಅವಳು ನನ್ನ ಮುಂದೆ ಹೇಳುವುದಿಲ್ಲ.

ನಾನು ಹಿರೇಹಳ್ಳಿಯ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ಇನ್ಸ್‌ಪೆಕ್ಟರ್. ಬೇರೆಯವರು ಮಾಡಿದ ಸಾಮಾನನ್ನು ಅಳೆದು, ಕೂದಲೆಳೆಯಷ್ಟು ಹೆಚ್ಚುಕಡಿಮೆ ಇದ್ದರೂ ಅದಕ್ಕೆ ಕೆಂಪು ಬಣ್ಣ ಬಳಿದು ಪಕ್ಕಕ್ಕೆ ಎತ್ತಿಡುವುದು ನನ್ನ ಕೆಲಸ. ಹದಿನೆಂಟು ವರ್ಷ ಇದನ್ನೇ ಮಾಡಿದ ಮೇಲೆ, ಪ್ರಪಂಚದಲ್ಲಿ ಯಾರಿಗೂ ನೆಟ್ಟಗೆ ಕೆಲಸ ಬರುವುದಿಲ್ಲ ಎಂಬ ಅಭಿಪ್ರಾಯ ನನ್ನಲ್ಲಿ ಗಟ್ಟಿಯಾಗಿತ್ತು. ಆ ಪಟ್ಟಿಯಲ್ಲಿ ನನ್ನ ಹೆಸರು ಇಲ್ಲ ಎಂದುಕೊಂಡಿದ್ದೆ. ಹೋದ ವರ್ಷ ಅತ್ತೆ ಮೊಲ ತರುವವರೆಗೆ.

೧. ಯಾರ ತಂಟೆಗೂ ಹೋಗದ ಮೊಲ

ಅತ್ತೆಯದು ಕುಣಿಗಲ್. ಮಂಡಿನೋವು ಜಾಸ್ತಿಯಾಗಿ ಚಿಕಿತ್ಸೆಗೆಂದು ನಮ್ಮ ಮನೆಗೆ ಬಂದರು. ತುಮಕೂರಿನ ಬಟವಾಡಿಯಲ್ಲಿ ನಮ್ಮ ಬಾಡಿಗೆ ಮನೆಯಿಂದ ಎರಡು ಬೀದಿ ದಾಟಿದರೆ ಫಿಸಿಯೋಥೆರಪಿ ಕ್ಲಿನಿಕ್ಕು. ಎರಡು ತಿಂಗಳು ದಿನಾ ಬಂದರೆ ಊರುಗೋಲು ಬಿಡಿಸುತ್ತೇನೆ ಎಂದು ಅಲ್ಲಿಯ ಡಾಕ್ಟರು ಮಾತು ಕೊಟ್ಟಿದ್ದರು.

ಅತ್ತೆ ಒಂದು ಕೈಯಲ್ಲಿ ಊರುಗೋಲು, ಇನ್ನೊಂದು ಕೈಯಲ್ಲಿ ಪ್ಲಾಸ್ಟಿಕ್ ಬುಟ್ಟಿ ಹಿಡಿದು ಆಟೋದಿಂದ ಇಳಿದರು. ಬುಟ್ಟಿಯಲ್ಲಿ ಸೀರೆಗಳಿವೆ ಎಂದುಕೊಂಡು ನಾನು ಎತ್ತಿಕೊಳ್ಳಲು ಹೋದರೆ ಒಳಗಿಂದ ಎರಡು ಉದ್ದ ಕಿವಿ ಮೇಲೆ ಬಂದವು. ಬಿಳೀ ಮೊಲ. ಹೆಸರು ಬೆಣ್ಣೆ. ಮಾವ ತೀರಿಕೊಂಡ ಮೇಲೆ ಅಮ್ಮನಿಗೆ ಹೊತ್ತು ಹೋಗಲಿ ಎಂದು ನನ್ನ ಭಾವಮೈದ ತಂದುಕೊಟ್ಟಿದ್ದನಂತೆ. ಅತ್ತೆ ಅದನ್ನು ನೆಲಕ್ಕೆ ಬಿಟ್ಟು, “ಅಳಿಯಂದ್ರೇ, ಪಾಪದ್ದು. ಯಾರ ತಂಟೆಗೂ ಹೋಗಲ್ಲ,” ಅಂದರು.

ಮೂರು ದಿನ ಹೋಗಲಿಲ್ಲ. ನಾಲ್ಕನೇ ದಿನ ಮಹಡಿಯ ತಂಟೆಗೆ ಹೋಯಿತು. ಮಹಡಿ ಮೇಲೆ ಇರುವವರು ಮನೆಯ ಓನರ್. ರಿಟೈರ್ಡ್ ಹೆಡ್‌ಮಾಸ್ಟರು. ಅವರ ಇಂಟರ್‌ನೆಟ್ ವೈರು ನಮ್ಮ ಮೆಟ್ಟಿಲ ಪಕ್ಕದ ಗೋಡೆಯ ಮೇಲೆ ಇಳಿದು ಬರುತ್ತದೆ. ಅವತ್ತು ಕ್ರಿಕೆಟ್ ಮ್ಯಾಚು, ಕೊನೆಯ ಓವರು. ಓನರ್ ರಿಮೋಟ್ ಹಿಡಿದುಕೊಂಡೇ ಕೆಳಗಿಳಿದು ಬಂದು, ನಿಮ್ಮ ಮನೆಯಲ್ಲೂ ನೆಟ್ ಹೋಯಿತಾ ಎಂದು ಕೇಳಿದರು. ನಾನು ಇಲ್ಲವಲ್ಲ ಸಾರ್ ಅಂದೆ. ಅಷ್ಟರಲ್ಲಿ ಅವರ ಕಣ್ಣು ನಮ್ಮ ಸೋಫಾದ ಕೆಳಗೆ ಹೋಯಿತು. ಬೆಣ್ಣೆ ಅಲ್ಲಿ ಕೂತು ಒಂದು ಮೊಳ ಕರಿ ವೈರನ್ನು ಶಾವಿಗೆಯಂತೆ ಒಳಗೆಳೆದುಕೊಳ್ಳುತ್ತಿತ್ತು. ಹೆಂಡತಿ ಓಡಿಹೋಗಿ ಬಾಯಿಂದ ಕಿತ್ತುಕೊಂಡಳು.

ಹೆಡ್‌ಮಾಸ್ಟರು ಗಟ್ಟಿಯಾಗಿ ಮಾತಾಡುವವರಲ್ಲ. ಮೆತ್ತಗೆ ಗಡುವು ಕೊಟ್ಟರು. ಇವತ್ತಿಗೆ ಮೂರನೇ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಬಂದು ನೋಡುತ್ತೇನೆ, ಮೊಲ ಭದ್ರವಾಗಿ ಮುಚ್ಚಿದ ಜಾಗದಲ್ಲಿರಬೇಕು, ಇಲ್ಲದಿದ್ದರೆ ಅವತ್ತೇ ಕುಣಿಗಲ್‌ಗೆ ಕಳಿಸಬೇಕು ಎಂದು ಹೇಳಿ ಮೆಟ್ಟಿಲು ಹತ್ತಿದರು.

ಬೆಣ್ಣೆ ಹೋದರೆ ನಾನೂ ಹೋಗುತ್ತೇನೆ ಎಂದರು ಅತ್ತೆ. ಅಮ್ಮ ಚಿಕಿತ್ಸೆ ಅರ್ಧಕ್ಕೆ ಬಿಟ್ಟು ಹೋದರೆ ನೋಡಿಕೊಳ್ಳಲು ನಾನೂ ಹೋಗುತ್ತೇನೆ ಎಂದಳು ಹೆಂಡತಿ. ನಾನು ಎಲ್ಲಿಗೆ ಹೋಗಬೇಕು ಎಂದು ಯಾರೂ ಹೇಳಲಿಲ್ಲ.

೨. ವಾಸ್ತು

ನಮ್ಮಲ್ಲಿ ಒಂದು ಹಳೆಯ ಶೋಕೇಸಿತ್ತು. ಡಬ್ಬದಂಥ ಟೀವಿ ಇದ್ದ ಕಾಲದ್ದು. ಆರಡಿ ಉದ್ದ, ಎರಡೂವರೆ ಅಡಿ ಎತ್ತರ, ಎರಡಡಿ ಆಳ. ಮನೆ ಬದಲಾಯಿಸುವಾಗ ಅದರ ಗಾಜು ಒಡೆದು ಬಾಗಿಲಿಲ್ಲದೆ ಬಿದ್ದಿತ್ತು. ಇದಕ್ಕೇ ಬಾಗಿಲು ಹಾಕಿದರೆ ಮೊಲದ ಮನೆ ಆಯಿತಲ್ಲ ಎಂದೆ. ಎರಡು ಪಕ್ಕದ ಹಲಗೆ ಬಿಚ್ಚಿ, ಗಾಳಿಗೆಂದು ಜಾಲರಿ ಬಡಿದೆ. ಮುಂದೂ ಜಾಲರಿ ಬಡಿಯಲು ಹೊರಟಾಗ ಅತ್ತೆ ಅಡ್ಡ ಬಂದರು. ಮೊಲವೇನು ಕಳ್ಳತನ ಮಾಡಿ ಜೈಲಿಗೆ ಹೋಗಿದೆಯಾ, ನನಗೆ ಅದರ ಮುಖ ಕಾಣಬೇಕು ಎಂದರು. ಸರಿ, ಮುಂದೆ ಗಾಜು. ಅದೂ ಪಕ್ಕಕ್ಕೆ ಜಾರಿಸುವ ಬಾಗಿಲು. ಬಡಗಿಯನ್ನು ಕರೆಸಿ ಎಂದಳು ಹೆಂಡತಿ. ಹದಿನೆಂಟು ವರ್ಷ ಅನುಭವ ಇರುವವನು ಮನೆಯಲ್ಲಿರುವಾಗ ಬಡಗಿ ಯಾಕೆ ಎಂದೆ. ಈ ಮಾತನ್ನು ಅವಳು ಆಮೇಲೆ ಎಷ್ಟು ಸಲ ನನಗೆ ನೆನಪಿಸಿದಳೋ ಲೆಕ್ಕವಿಲ್ಲ.

ಶೋಕೇಸನ್ನು ಹಾಲ್‌ನಲ್ಲಿ ಇಡಲು ಇದ್ದದ್ದು ಒಂದೇ ಜಾಗ, ಉತ್ತರದ ಗೋಡೆ. ಇಟ್ಟು ಕೈ ಒರೆಸಿಕೊಳ್ಳುವಷ್ಟರಲ್ಲಿ ಅತ್ತೆ ಬಂದು ನೋಡಿದರು. ಬಾಗಿಲು ದಕ್ಷಿಣಕ್ಕೆ ಬರುತ್ತದೆ, ದಕ್ಷಿಣಕ್ಕೆ ಬಾಗಿಲಿರುವ ಮನೆಯಲ್ಲಿ ಜೀವ ಇರುವುದನ್ನು ಇಡಬಾರದು ಎಂದರು. ಇದು ಶೋಕೇಸು ಅತ್ತೆ, ಮನೆಯಲ್ಲ ಎಂದೆ. ಅದರೊಳಗೆ ಇರುವುದಕ್ಕೆ ಅದು ಮನೆಯೇ ಅಲ್ಲವಾ ಎಂದರು. ಹೆಂಡತಿ ಅವರ ಕಡೆ ಸೇರಿಕೊಂಡಳು.

ತಿರುಗಿಸಿದೆವು. ಬಾಗಿಲು ಉತ್ತರಕ್ಕೆ ಬಂತು, ಅಂದರೆ ಗೋಡೆಗೆ. ಗೋಡೆಗೂ ಶೋಕೇಸಿಗೂ ನಡುವೆ ಕೈ ಹೋಗದಷ್ಟು ಸಂದಿ. ಹುಲ್ಲು ಹಾಕುವುದು ಹೇಗೆ ಎಂದು ಕೇಳಿದ್ದಕ್ಕೆ ಇನ್ನೂ ಸ್ವಲ್ಪ ಮುಂದಕ್ಕೆ ಎಳೆಯಿರಿ ಎಂದರು. ಎಳೆದೆ. ಇನ್ನೂ ಸ್ವಲ್ಪ ಎಂದರು. ಕೊನೆಗೆ ಶೋಕೇಸು ಹಾಲ್‌ನ ಮಧ್ಯದಲ್ಲಿ ಬಂದು ನಿಂತಿತು. ನಾವು ಎರಡು ದಿನ ಅಡುಗೆಮನೆಗೆ ಹೋಗಬೇಕಾದರೆ ದೇವಸ್ಥಾನದಲ್ಲಿ ಪ್ರದಕ್ಷಿಣೆ ಹಾಕಿದ ಹಾಗೆ ಅದನ್ನು ಸುತ್ತಿಕೊಂಡು ಹೋದೆವು.

ಮೂರನೇ ದಿನ ಸಂಜೆ ಅತ್ತೆಯ ಧಾರಾವಾಹಿಯಲ್ಲಿ ಸೊಸೆ ಮನೆಗೆ ವಾಪಸ್ ಬರುವ ಕಂತು. ಅತ್ತೆ ಸೋಫಾದಲ್ಲಿ ಕೂತು ಆಕಡೆ ಬಾಗಿದರು, ಈಕಡೆ ಬಾಗಿದರು. ಎಷ್ಟು ಬಾಗಿದರೂ ಟೀವಿಯಲ್ಲಿ ಸೊಸೆಯ ತಲೆ ಮಾತ್ರ ಕಾಣುತ್ತಿತ್ತು. ಜಾಹೀರಾತು ಬಂದ ಕೂಡಲೇ ನನ್ನನ್ನು ಕರೆದರು. “ಅಳಿಯಂದ್ರೇ, ಯೋಚ್ನೆ ಮಾಡ್ದೆ. ಮೊಲಕ್ಕೆಲ್ಲಾ ವಾಸ್ತು ನೋಡಲ್ಲ. ಬೇಗ ಗೋಡೆಗೆ ತಳ್ಳಿ.”

೩. ಮಾವನವರ ಟೇಪು

ಕಾರ್ಖಾನೆಯಲ್ಲಿ ನನ್ನ ಹತ್ತಿರ ಕೂದಲು ಅಳೆಯುವ ಉಪಕರಣಗಳೂ ಇವೆ, ಆದರೆ ಅವನ್ನು ಗೇಟಿನಿಂದ ಆಚೆ ತರುವಂತಿಲ್ಲ. ಮನೆಯಲ್ಲಿದ್ದದ್ದು ಮಾವನವರ ಸ್ಟೀಲ್ ಟೇಪು. ಅವರ ನೆನಪಿಗೆಂದು ಅತ್ತೆ ಮದುವೆಯಾದ ಮಗಳಿಗೆ ಕೊಟ್ಟಿದ್ದು. ಅದರ ತುದಿ ಯಾವ ಕಾಲದಲ್ಲೋ ಮುರಿದುಹೋಗಿ ಮೊದಲನೇ ಇಂಚೇ ಇಲ್ಲ, ಅಂಕಿ ಶುರುವಾಗುವುದೇ ಒಂದರಿಂದ. ಅದರಲ್ಲಿ ಅಳೆದಾಗಲೆಲ್ಲ ಒಂದಿಂಚು ಕಳೆದುಕೊಳ್ಳಬೇಕು. ಈ ವಿಷಯ ಆ ಮನೆತನದ ಎಲ್ಲರಿಗೂ ಗೊತ್ತು.

ಗಾಜು ತರಬೇಕಾದದ್ದು ಕುಣಿಗಲ್‌ನಿಂದ. ನನ್ನ ಭಾವಮೈದನದು ಅಲ್ಲಿ ಗಾಜು, ಪ್ಲೈವುಡ್ ಅಂಗಡಿ. ಮಗನ ಅಂಗಡಿ ಇರುವಾಗ ತುಮಕೂರಿನಲ್ಲಿ ಗಾಜು ಕೊಂಡರೆ ಅತ್ತೆಯ ಮುಖ ಏನಾಗುತ್ತದೆ ಎಂದು ನನಗೆ ಗೊತ್ತಿತ್ತು.

ಹೆಂಡತಿ ಎತ್ತರ ಅಳೆದಳು. ಟೇಪು ಇಪ್ಪತ್ತೊಂಬತ್ತು ತೋರಿಸಿತು. ಒಂದಿಂಚು ಕಳೆದು ಕ್ಯಾಲೆಂಡರಿನ ಹಿಂದೆ ಇಪ್ಪತ್ತೆಂಟು ಎಂದು ಬರೆದಳು. ನಾನು ಕಾರ್ಖಾನೆಯಿಂದ ಬಂದು ಅದನ್ನು ನೋಡಿ, ಪಾಪ, ಒಂದಿಂಚು ಕಳೆಯುವುದನ್ನು ಮರೆತಿದ್ದಾಳೆ ಎಂದು ಭಾವಮೈದನಿಗೆ ಫೋನಿನಲ್ಲಿ ಇಪ್ಪತ್ತೇಳು ಎಂದು ಹೇಳಿದೆ. ಅವನು, ಭಾವ ಫ್ಯಾಕ್ಟರಿಯ ಟೇಪಿನ ಅಭ್ಯಾಸದವರು, ಅಪ್ಪನ ಟೇಪಿನ ಕಥೆ ಅವರಿಗೇನು ಗೊತ್ತು ಎಂದು ಒಂದಿಂಚು ಕಳೆದು ಇಪ್ಪತ್ತಾರು ಮಾಡಿಕೊಂಡ. ಗಾಜು ಕತ್ತರಿಸುವ ಹೊತ್ತಿಗೆ ಸರಿಯಾಗಿ ಅತ್ತೆ ಫೋನ್ ಮಾಡಿ, ನಿಮ್ಮಪ್ಪನ ಟೇಪಲ್ಲಿ ಅಳೆದಿದ್ದಾರೆ, ಒಂದಿಂಚು ನೋಡಿಕೊಂಡು ಕತ್ತರಿಸಪ್ಪ ಎಂದರು. ಅವನು, ಅಮ್ಮ ಬಾಯಿಬಿಟ್ಟು ಹೇಳಿದ ಮೇಲೆ ಮೀರುವುದು ಹೇಗೆ ಎಂದು ಇನ್ನೊಂದು ಇಂಚು ಕಳೆದ.

ಭಾನುವಾರ ಗಾಜು ಹಿಡಿದುಕೊಂಡು ಭಾವಮೈದನೇ ಬಂದ. ಇಟ್ಟು ನೋಡಿದರೆ ಮೇಲೆ ಮೂರಿಂಚು ಖಾಲಿ. ಬೆಣ್ಣೆ ಬಂದು ನೋಡಿ, ಮೂತಿ ಅಲ್ಲಾಡಿಸಿ ಹೋಯಿತು. ಒಬ್ಬೊಬ್ಬರೇ ತಾವು ಮಾಡಿದ್ದನ್ನು ಹೇಳುತ್ತಾ ಬಂದಾಗ ವಿಷಯ ಹೊರಬಿತ್ತು. ಯಾರಿಗೂ ನಾಚಿಕೆ ಆಗಲಿಲ್ಲ. ನಾನು ಮರೆಯಲಿಲ್ಲ ನೋಡಿ ಎಂದು ನಾಲ್ಕು ಜನಕ್ಕೂ ಒಳಗೊಳಗೇ ಹೆಮ್ಮೆ. ಒಬ್ಬರಿಗಾದರೂ ಮರೆವು ಇದ್ದಿದ್ದರೆ ಬರೀ ಎರಡಿಂಚಿನಲ್ಲಿ ಮುಗಿಯುತ್ತಿತ್ತು.

ಮತ್ತೆ ಅಳೆಯಲು ಹೆಂಡತಿ ಟೇಪು ತೆಗೆದಳು. ಅತ್ತೆ ಅಡುಗೆಮನೆಯಿಂದ ತಲೆ ಹೊರಗೆ ಹಾಕಿ, “ಅದ್ರಲ್ಲಿ ಒಂದಿಂಚು...” ಎಂದು ಶುರುಮಾಡಿದರು. ನಾವು ಮೂವರೂ ಎದ್ದು ಹೋಗಿ ಅಡುಗೆಮನೆಯ ಬಾಗಿಲು ಮುಂದಕ್ಕೆ ಎಳೆದುಕೊಂಡೆವು.

೪. ಕುಣಿಗಲ್ ಬಸ್ಸು

ಎರಡನೇ ಸಲ ಗಾಜು ತರಲು ನಾನೇ ಹೋದೆ. ಭಾವಮೈದ ಎರಡು ಗಾಜನ್ನೂ ಪೇಪರು ಸುತ್ತಿ, ಗೋಣಿಚೀಲ ಸುತ್ತಿ, ಹಗ್ಗ ಕಟ್ಟಿ ಬಸ್ಸಿಗೆ ಹತ್ತಿಸಿದ. ನನಗೆ ಮುಂದಿನ ಸೀಟು ಸಿಕ್ಕಿತು. ಗಾಜನ್ನು ಮೊಣಕಾಲ ಮಧ್ಯೆ ನಿಲ್ಲಿಸಿಕೊಂಡು, ಎರಡೂ ಕೈಯಲ್ಲಿ ತಬ್ಬಿಕೊಂಡು ಕೂತೆ. ಗಡುವಿಗೆ ಉಳಿದಿದ್ದು ಒಂದು ವಾರ ಚಿಲ್ಲರೆ. ಇದು ಒಡೆದರೆ ಅತ್ತೆಯ ಊರುಗೋಲು ಬಿಡಿಸುವ ಆಸೆಯೂ ಒಡೆದ ಹಾಗೇ. ನಿಜ ಹೇಳುತ್ತೇನೆ, ನನಗೆ ಹೆದರಿಕೆಯಾಗಿತ್ತು.

ಆ ಡ್ರೈವರು ಆ ರಸ್ತೆಯಲ್ಲಿ ಹೆಸರುವಾಸಿ. ಅವರ ಕೈಯಲ್ಲಿ ಬಸ್ಸು ರೋಡ್ ಹಂಪಿನ ಮೇಲೆ ಹತ್ತುವುದಿಲ್ಲ, ಹಾರುತ್ತದೆ. ಮೊದಲನೇ ಹಂಪಿಗೇ ನಾನು ಸೀಟಿನಿಂದ ಒಂದು ಗೇಣು ಮೇಲೆ ಹೋಗಿ, ಗಾಜು ಸಮೇತ ಕೆಳಗೆ ಬಂದು, ಅಯ್ಯೋ ಎಂದೆ. ಕಂಡಕ್ಟರ್ ಬಂದು ಗೋಣಿ ಮುಟ್ಟಿ ನೋಡಿದರು. ಏನಿದು ಎಂದು ಕೇಳಿದರು. ಗಾಜು ಎಂದೆ. ಯಾಕೆ ಎಂದರು. ಅತ್ತೆ, ಮಂಡಿ, ಮೊಲ, ಓನರ್ ಎಲ್ಲವನ್ನೂ ಹೇಳಿದೆ. ಕಂಡಕ್ಟರ್ ಕೂಗಿ ಹೇಳಿದರು, “ಅಣ್ಣೋ, ಮುಂದೆ ಗಾಜೈತೆ, ನಿಧಾನಕ್ಕೆ ಬುಡಣ್ಣ.”

ಅಲ್ಲಿಂದ ಆ ಬಸ್ಸು ಬೇರೆಯೇ ಆಯಿತು. ಹಂಪು ಬಂದರೆ ಡ್ರೈವರು ನಿಲ್ಲಿಸಿ, ಗೇರು ಬದಲಾಯಿಸಿ, ತೊಟ್ಟಿಲು ತೂಗಿದ ಹಾಗೆ ದಾಟಿಸುತ್ತಿದ್ದರು. ದಾಟಿದ ಮೇಲೆ ಹಿಂದಕ್ಕೆ ತಿರುಗದೆ, ಗಾಜು ಹೆಂಗೈತೆ ಎಂದು ಕೇಳುತ್ತಿದ್ದರು. ಬಸ್ಸಿನವರೆಲ್ಲ ಸೇರಿ ಚೆನ್ನಾಗೈತೆ ಎನ್ನುತ್ತಿದ್ದರು. ಗುಂಡಿ ಬಂದರೆ ಕಿಟಕಿ ಪಕ್ಕದವರು ಮುಂಚೆಯೇ ತಿಳಿಸುತ್ತಿದ್ದರು. ಹಿಂದಿನ ಸೀಟಿನಲ್ಲಿದ್ದ ಇಬ್ಬರು, ಬ್ರೇಕು ಹಾಕಿದಾಗ ಬಾಗದಿರಲಿ ಎಂದು ಗೋಣಿಯ ಮೂಲೆ ಹಿಡಿದುಕೊಂಡರು. ತುಮಕೂರು ತಲುಪುವಾಗ ಮುಕ್ಕಾಲು ಗಂಟೆ ತಡವಾಗಿತ್ತು. ಒಬ್ಬರೂ ಗೊಣಗಲಿಲ್ಲ.

ಬಸ್‌ಸ್ಟ್ಯಾಂಡಿನಲ್ಲಿ ಇಳಿಯುವಾಗ ವಯಸ್ಸಾದ ಅಜ್ಜಿಯೊಬ್ಬರು ನನ್ನ ಭುಜ ಹಿಡಿದು ನಿಲ್ಲಿಸಿದರು. “ಮೂವತ್ತು ವರ್ಷದಿಂದ ಈ ರೋಡಲ್ಲಿ ಓಡಾಡ್ತಾ ಇವ್ನಿ ಕಣಪ್ಪಾ. ಸೊಂಟ ನೋಯ್ದಂಗೆ ಇಳೀತಿರೋದು ಇವತ್ತೇಯ. ಗುರುವಾರ ನಾನು ವಾಪಸ್ ಹೋಗ್ಬೇಕು, ಅವತ್ತೂ ಒಂದು ಗಾಜು ತಗಂಡ್ ಬಾ.”

೫. ಆಳದ ಗಾಡಿ, ಮೇಲಿನ ಗಾಡಿ

ಜಾರುವ ಗಾಜಿಗೆ ಮೇಲೊಂದು, ಕೆಳಗೊಂದು ಅಲ್ಯೂಮಿನಿಯಂ ಚಾನೆಲ್ ಬಡಿಯಬೇಕು. ಎರಡರಲ್ಲೂ ಗಾಜು ಕೂರುವ ಗಾಡಿ, ಅಂದರೆ ಉದ್ದಕ್ಕೂ ಒಂದು ಸೀಳು, ಇರುತ್ತದೆ. ಒಂದರ ಗಾಡಿ ಆಳ, ಇನ್ನೊಂದರದು ಕಡಿಮೆ. ಯಾವುದು ಎಲ್ಲಿಗೆ ಎಂದು ಭಾವಮೈದ ಹೇಳಲು ಬಂದಾಗ ನಾನು, ನನಗೆ ಗೊತ್ತು ಬಿಡು ಮಾರಾಯ ಎಂದಿದ್ದೆ.

ನನ್ನ ಲೆಕ್ಕ ಸರಳವಾಗಿತ್ತು. ಭಾರ ಬೀಳುವುದು ಕೆಳಗೆ, ಆದ್ದರಿಂದ ಆಳದ್ದು ಕೆಳಗೆ. ಶನಿವಾರ ಬೆಳಿಗ್ಗೆಯಿಂದ ಡ್ರಿಲ್ಲಿಂಗ್ ಮಾಡಿ, ಒಂದೊಂದು ಸ್ಕ್ರೂವನ್ನೂ ಮಟ್ಟ ನೋಡಿ ಬಿಗಿದೆ. ಅದೇ ವಾರ ಕಾರ್ಖಾನೆಯಲ್ಲಿ ತಲೆಕೆಳಗಾಗಿ ಜೋಡಿಸಿದ್ದರು ಎಂದು ಒಂದಿಡೀ ಲಾಟು ವಾಪಸ್ ಕಳಿಸಿ, ಕಾಮನ್ ಸೆನ್ಸ್ ಬಳಸಿ ಎಂದು ರಿಮಾರ್ಕ್ ಬರೆದಿದ್ದೆ.

ಮೊದಲನೇ ಗಾಜು ತಂದು ಕೆಳಗಿನ ಗಾಡಿಯಲ್ಲಿ ಇಳಿಸಿದೆ. ತಲೆ ಮೇಲಿನ ಗಾಡಿಗೆ ಮುಟ್ಟಲಿಲ್ಲ. ಎತ್ತಿ ಹಿಡಿದೆ, ಮೇಲೆ ಸಿಕ್ಕಿಕೊಂಡಿತು. ಬಿಟ್ಟೆ, ಕೆಳಗಿನ ಗಾಡಿಗೆ ಜಾರಿ ಮೇಲೆ ಬಿಟ್ಟುಕೊಂಡು ನನ್ನ ಹಣೆಯ ಮೇಲೆ ಒರಗಿತು. ಮತ್ತೆ ಎತ್ತಿದೆ, ನಿಂತಿತು. ಬಿಟ್ಟೆ, ಒರಗಿತು. ನಾನು ಹಿಡಿದಿರುವಷ್ಟು ಹೊತ್ತು ಅದು ಪ್ರಪಂಚದಲ್ಲೇ ಒಳ್ಳೆಯ ಬಾಗಿಲು. ಹೆಂಡತಿ ಕಾಫಿ ತಂದು ಪಕ್ಕದಲ್ಲಿಟ್ಟು, ಹಾಗೇ ಹಿಡಿದುಕೊಂಡಿರಿ, ಓನರ್ ಬಂದು ನೋಡಿಕೊಂಡು ಹೋಗಲಿ, ಎಂಟು ದಿನ ತಾನೆ ಎಂದಳು.

ವಿಧಿಯಿಲ್ಲದೆ ಭಾವಮೈದನಿಗೆ ವೀಡಿಯೋ ಕಾಲ್ ಮಾಡಿಸಿದೆ. ಅವಳು ಫೋನ್ ಹಿಡಿದು ಮೇಲೆ ಕೆಳಗೆ ಎಲ್ಲ ತೋರಿಸಿದಳು. ಅವನು ಮುಖವನ್ನು ಫೋನಿಗೆ ಹತ್ತಿರ ತಂದು ನೋಡಿದ. ಆಮೇಲೆ ಬಹಳ ಮರ್ಯಾದೆಯಿಂದ, “ಭಾವ, ಅಕ್ಕ ಫೋನ್ ಉಲ್ಟಾ ಹಿಡ್ಕಂಡವ್ಳಾ?” ಎಂದ. ಇಲ್ಲ, ನೆಟ್ಟಗೇ ಹಿಡಿದಿದ್ದಾಳೆ ಎಂದೆ.

“ಹಿಡ್ಕಳಕ್ಕೆ ಹೇಳಿ. ಹಂಗಾದ್ರೆ ಎಲ್ಲಾ ಸರಿಯಾಗೈತೆ.”

೬. ಮೂರು ಗೆರೆ

ಬಿಚ್ಚಿ, ಮೇಲಿನದನ್ನು ಕೆಳಗೆ, ಕೆಳಗಿನದನ್ನು ಮೇಲೆ ಮಾಡಿ, ನಾಲ್ಕು ದಿನ ಸಂಜೆ ಸಂಜೆ ಕೂತು ಬಡಿದೆ. ಗಾಜು ಎತ್ತಿದರೆ ಹೊರಗೆ ಬಾರದಿರಲಿ ಎಂದು ಮೇಲಿನ ಸಂದಿಗೆ ರಬ್ಬರ್ ತುರುಕಿದೆ. ಬಾಗಿಲು ಒಂದು ಬೆರಳಿಗೆ ಜಾರುತ್ತಿತ್ತು. ಹೆಂಡತಿ ಪೇಪರು ಒದ್ದೆ ಮಾಡಿ ಗಾಜು ಒರೆಸಿದಳು ನೋಡಿ, ಅಲ್ಲಿ ಗಾಜು ಇರುವುದೇ ಕಾಣದಂತಾಯಿತು.

ಅದೇ ತೊಂದರೆಯಾಯಿತು. ಬೆಣ್ಣೆ ಓಡಿ ಬಂದು ಮೂತಿ ಗುದ್ದಿಕೊಂಡಿತು. ಅತ್ತೆ ಕೊತ್ತಂಬರಿ ಸೊಪ್ಪು ಕೊಡಲು ಹೋಗಿ ಬೆರಳು ಗುದ್ದಿಕೊಂಡರು. ನಾನು ಬಗ್ಗಿ ನೋಡಲು ಹೋಗಿ ಹಣೆ ಗುದ್ದಿಕೊಂಡೆ. ಗಾಜಿನ ಮೇಲೆ ಏನಾದರೂ ಗುರುತು ಬೇಕು ಎಂದು ಅತ್ತೆ ಸುತ್ತ ನೋಡಿದರು. ಲಿಂಗಪೂಜೆ ಮುಗಿಸಿ ಎದ್ದಿದ್ದರು, ಕೈಯಲ್ಲಿ ಇನ್ನೂ ವಿಭೂತಿ ಇತ್ತು. ಎರಡೂ ಗಾಜಿನ ಮಧ್ಯದಲ್ಲಿ, ಮೊಲಕ್ಕೂ ಮನುಷ್ಯರಿಗೂ ಕಾಣುವ ಎತ್ತರದಲ್ಲಿ, ಮೂರು ಬೆರಳಿನಿಂದ ಮೂರು ಗೆರೆ ಎಳೆದರು. ಕೆಲಸ ಮಾಡಿತು. ಬೆಣ್ಣೆ ಗೆರೆ ಕಂಡ ಕೂಡಲೇ ನಿಲ್ಲುತ್ತಿತ್ತು.

ಶುಕ್ರವಾರ ಪಕ್ಕದ ಮನೆಯಾಕೆ ಮೊಸರಿಗೆ ಹೆಪ್ಪು ಕೇಳಿಕೊಂಡು ಬಂದರು. ಹೆಂಡತಿ ಒಳಗೆ ಹೋದಳು. ಆಕೆ ಹಾಲ್‌ನಲ್ಲಿ ಶೋಕೇಸಿನ ಕಡೆ ತಿರುಗಿದರು, ಮೂರು ಗೆರೆ ನೋಡಿದರು, ಚಪ್ಪಲಿ ಬಾಗಿಲಾಚೆ ಬಿಟ್ಟು ಬಂದರು. ಸೆರಗು ಹೊದ್ದು, ಕಣ್ಣು ಮುಚ್ಚಿ, ಕೈ ಮುಗಿದು ಮಗಳ ಮದುವೆ ಸಲೀಸಾಗಿ ನಡೆಯಲಿ ಎಂದು ಮೆಲ್ಲಗೆ ಬೇಡಿಕೊಂಡರು. ನಾನು ಸೋಫಾದಲ್ಲಿ ಕೂತು ಹೇಳುವುದೋ ಬೇಡವೋ ಎಂದು ಒದ್ದಾಡಿದೆ. ಅಷ್ಟರಲ್ಲಿ ಬೆಣ್ಣೆ ಹುಲ್ಲಿನಿಂದ ಎದ್ದು ಗಾಜಿನ ಹತ್ತಿರ ಬಂದು, ಮುಂಗಾಲು ಎತ್ತಿ, ನೇರ ಅವರ ಎದುರಿಗೆ ನಿಂತಿತು. ಆಕೆ ಕಣ್ಣು ಬಿಟ್ಟು ಅದನ್ನೇ ನೋಡಿದರು.

ಆಮೇಲೆ ನನ್ನ ಕಡೆ ತಿರುಗಿ, ಬೇಡಿಕೊಂಡಿದ್ದು ಬೇಡಿಕೊಂಡಾಯಿತು, ಇದಕ್ಕೆ ಏನು ನೈವೇದ್ಯ ಮಾಡುತ್ತೀರಿ ಎಂದು ಕೇಳಿದರು.

೭. ತಪಾಸಣೆ

ಗಡುವಿನ ಭಾನುವಾರ ಬಂತು. ಬಾಗಿಲಿಗೆ ಹಾಕಲು ಅಂಗಡಿ ಶೋಕೇಸುಗಳಿಗೆ ಹಾಕುವಂಥ ಬೀಗ ತಂದಿದ್ದೆ. ಹಲ್ಲು ಹಲ್ಲಿನ ಪಟ್ಟಿಯನ್ನು ಒಂದು ಗಾಜಿನ ಅಂಚಿಗೆ ಸಿಕ್ಕಿಸಿದ್ದೆ, ಬೀಗ ಅದರ ಮೇಲೆ ಜಾರಿಸಿದರೆ ಸಾಕು, ಕಚ್ಚಿಕೊಳ್ಳುತ್ತದೆ. ಹಾಕಲು ಕೀ ಬೇಡ. ತೆಗೆಯಲು ಬೇಕು. ಅದರ ಜೊತೆ ಎರಡು ಕೀ ಬಂದಿದ್ದವು.

ಹೊಸ ಗಾಡಿ ತಂದರೆ ನಮ್ಮಲ್ಲಿ ಕೀಯನ್ನು ದೇವರ ಪಾದದಲ್ಲಿಟ್ಟು ಪೂಜೆ ಮಾಡಿಸದೆ ಓಡಿಸುವುದಿಲ್ಲ. ಅತ್ತೆ ಹೊಸ ಬೀಗವನ್ನೂ ಅದೇ ಲೆಕ್ಕಕ್ಕೆ ಸೇರಿಸಿದರು. ನಮ್ಮ ಮನೆದೇವರು ಇರುವುದು ಗುಬ್ಬಿಯಲ್ಲಿ. ಹೆಂಡತಿ ಬೆಳಿಗ್ಗೆ ಏಳರ ಬಸ್ಸಿಗೇ ಗುಬ್ಬಿಗೆ ಹೊರಟಳು. ಒಂದು ಕೀ ಇಲ್ಲೇ ಬಿಟ್ಟು ಹೋಗು ಕಣೇ ಎಂದೆ. ಒಂದಕ್ಕೆ ಪೂಜೆಯಾಗಿ ಇನ್ನೊಂದಕ್ಕೆ ಆಗದಿದ್ದರೆ ಹೇಗೆ ಎಂದು ಇಬ್ಬರೂ ನನ್ನನ್ನೇ ಕೇಳಿದರು. ಎರಡೂ ಹೋದವು.

ಒಂಬತ್ತೂವರೆಗೆ ನನಗೆ ಒಂದು ಅನುಮಾನ ಬಂತು. ಎರಡು ಗಾಜು ಒಂದರ ಮೇಲೊಂದು ಬರುವಲ್ಲಿ ಸಂದಿ ಎಷ್ಟಿದೆ, ಮೊಲದ ಮೂತಿ ತೂರುತ್ತದಾ? ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ಒಳಗಿನಿಂದಲೇ ನೋಡಬೇಕು. ಕ್ವಾಲಿಟಿ ಎಂದರೆ ಅದೇ ತಾನೆ. ಬೆಣ್ಣೆಯನ್ನು ಎತ್ತಿ ಅತ್ತೆಯ ಕೈಗೆ ಕೊಟ್ಟು, ನಾನು ಕೈಕಾಲು ಮಡಚಿಕೊಂಡು ಶೋಕೇಸಿನೊಳಗೆ ನುಗ್ಗಿ ಮಗ್ಗುಲಾಗಿ ಮಲಗಿದೆ. ಅತ್ತೆಗೆ ಬಾಗಿಲು ಎಳೆಯಲು ಹೇಳಿದೆ. ಅವರು ಎಳೆದರು. ಸಂದಿ ಇರಲಿಲ್ಲ. ಸರಿಯಾಗಿದೆ ಅತ್ತೆ ಎಂದೆ.

ಅತ್ತೆಗೆ ಸಂತೋಷವಾಯಿತು. ಬೀಗವೂ ಸರಿಯಾಗಿದೆಯಾ ನೋಡಿಬಿಡೋಣ ಎಂದು ಅದನ್ನು ಪಟ್ಟಿಯ ಮೇಲೆ ಜಾರಿಸಿದರು. ಟಕ್ ಎಂದಿತು.

ಅತ್ತೆ ಎಳೆದರು, ನಾನು ತಳ್ಳಿದೆ. ಎತ್ತಿ ತೆಗೆಯೋಣ ಎಂದರೆ ರಬ್ಬರ್ ತುರುಕಿದ್ದವನು ನಾನೇ. ಜಾಲರಿಗೆ ಕಾಲಲ್ಲಿ ಒದ್ದೆ, ಅಲ್ಲಾಡಲಿಲ್ಲ. ಸ್ಕ್ರೂ ಡ್ರೈವರು ಟೀವಿಯ ಪಕ್ಕದಲ್ಲೇ ಇತ್ತು, ಆದರೆ ಸ್ಕ್ರೂಗಳೆಲ್ಲ ಗಾಜಿನ ಅಡಿಯ ಗಾಡಿಯೊಳಗಿದ್ದವು. ಹದಿನೆಂಟು ವರ್ಷದಲ್ಲಿ ಒಂದೇ ಒಂದು ತಪ್ಪಿಲ್ಲದ ಸಾಮಾನನ್ನು ನಾನು ಕಂಡಿದ್ದು ಅವತ್ತೇ. ನಾನು ಅದರ ಒಳಗಿದ್ದೆ.

ಅತ್ತೆ ಮಗಳಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿ ಗಾಜಿನ ಹತ್ತಿರ ಹಿಡಿದರು. ಎರಡೂ ಕೀಯನ್ನು ಪೂಜಾರಿಗಳು ಗರ್ಭಗುಡಿಯೊಳಗೆ ಇಟ್ಟಿದ್ದಾರೆ, ಮಹಾಮಂಗಳಾರತಿ ಆಗದೆ ಕೊಡುವುದಿಲ್ಲವಂತೆ, ಅಲ್ಲಿವರೆಗೆ ಅಲ್ಲಾಡದೆ ಇರಿ ಎಂದಳು. ಅಲ್ಲಾಡಲು ಜಾಗ ಎಲ್ಲಿತ್ತು?

ಬೆಣ್ಣೆ ಸೋಫಾ ಹತ್ತಿ ಕೂತು ನನ್ನನ್ನೇ ನೋಡುತ್ತಿತ್ತು. ಅತ್ತೆ ಅದನ್ನು ಹಿಡಿದು ಬಚ್ಚಲಲ್ಲಿ ಕೂಡಿಹಾಕೋಣ ಎಂದು ಊರುಗೋಲು ಹುಡುಕುವಷ್ಟರಲ್ಲಿ ಗಂಟೆ ಹತ್ತಾಯಿತು. ಹೆಡ್‌ಮಾಸ್ಟರು ಒಂದು ನಿಮಿಷ ಹೆಚ್ಚುಕಡಿಮೆ ಮಾಡುವವರಲ್ಲ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು.

ಅವರು ಸೋಫಾದ ಮೇಲಿದ್ದ ಮೊಲವನ್ನು ನೋಡಿದರು. ಶೋಕೇಸಿನಲ್ಲಿದ್ದ ನನ್ನನ್ನು ನೋಡಿದರು. ಕನ್ನಡಕ ತೆಗೆದು ಅಂಗಿಯ ಅಂಚಿಗೆ ಒರೆಸಿ ಮತ್ತೆ ಹಾಕಿಕೊಂಡರು. ನಾನು ಮಲಗಿದಲ್ಲಿಂದಲೇ ನಮಸ್ಕಾರ ಸಾರ್ ಎಂದೆ. ಅವರು ಹತ್ತಿರ ಬಂದು, ಕೈ ಹಿಂದಕ್ಕೆ ಕಟ್ಟಿಕೊಂಡು, ಶಾಲೆ ತಪಾಸಣೆ ಮಾಡುವವರಂತೆ ಶೋಕೇಸನ್ನು ಒಂದು ಸುತ್ತು ನೋಡಿದರು. ಬೀಗ ಎಳೆದರು. ಗಾಜು ತಟ್ಟಿದರು. ಜಾಲರಿಯ ಹತ್ತಿರ ಬಗ್ಗಿ, ಗಾಳಿ ಬರುತ್ತಾ ಎಂದು ಕೇಳಿದರು. ಬರುತ್ತೆ ಸಾರ್ ಎಂದೆ. ಆಚೆ ಬರಲು ಪ್ರಯತ್ನ ಮಾಡಿದಿರಾ ಎಂದರು. ಮಾಡಿದೆ ಸಾರ್, ಆಗಲಿಲ್ಲ ಎಂದೆ. ಒಳ್ಳೆಯದು ಎಂದು ತಲೆ ಆಡಿಸಿದರು.

ಅತ್ತೆಯ ಕಣ್ಣಲ್ಲಿ ನೀರು ಬಂದಿತ್ತು. ಸೆರಗು ಬಾಯಿಗಿಟ್ಟುಕೊಂಡು, “ಸಾರ್, ಬೆಣ್ಣೆ ಕಳಿಸ್ಬೇಡಿ. ಅದು ಒಳಗಡೇನೇ ಇತ್ತು. ಅದ್ರ ಜಾಗದಲ್ಲಿ ಇವ್ರು ಹೋಗಿ ಸೇರ್ಕಂಡವ್ರೆ. ಕೀ ಮಗಳ ಜೊತೆ ಗುಬ್ಬಿಗೆ ಹೋಗೈತೆ,” ಅಂದರು.

ಹೆಡ್‌ಮಾಸ್ಟರು ಸೋಫಾದಲ್ಲಿ ಬೆಣ್ಣೆಯ ಪಕ್ಕ ಕೂತರು. ಅದರ ಬೆನ್ನು ಸವರಿದರು. ಅದು ಅವರ ತೊಡೆ ಮೇಲೆ ತಲೆಯಿಟ್ಟಿತು. ಮೂರು ವಾರದಲ್ಲಿ ಮೊದಲನೇ ಸಲ ಅವರ ಮುಖದಲ್ಲಿ ನೆಮ್ಮದಿ ಕಂಡಿತು.

“ಕಳಿಸೋದು ಯಾಕಮ್ಮ,” ಎಂದರು. “ಈ ಮೊಲ ಒಂದು ಸಲ ವೈರ್ ಕಡೀತು, ಒಂದು ಮ್ಯಾಚ್ ಹೋಯ್ತು. ಇವ್ರು ಮೂರು ವಾರದಿಂದ ಸುತ್ತಿಗೆ, ಡ್ರಿಲ್ಲಿಂಗ್ ಅಂತ ನನ್ನ ಒಂದು ಸಂಜೆನೂ ನೆಮ್ಮದಿಯಾಗಿ ಕೂರಕ್ಕೆ ಬಿಟ್ಟಿಲ್ಲ. ಮೊಲ ಹಿಂಗೇ ಆಚೆ ಇರ್ಲಿ, ಯಾರಿಗೂ ತೊಂದರೆಯಿಲ್ಲ. ಮಗಳಿಗೆ ಫೋನ್ ಮಾಡಿ, ಗುಬ್ಬಿಯಿಂದ ಅವಸರ ಮಾಡ್ಕೊಂಡು ಬರ್ಬೇಡ ಅಂತ ಹೇಳಿ.”

ಅತ್ತೆ ಕಣ್ಣೊರೆಸಿಕೊಂಡು ಆಗಲೇ ನಂಬರ್ ಒತ್ತುತ್ತಿದ್ದರು.